ರನ್ನನ ‘ಗದಾಯುದ್ಧ’: ಕದನವನ್ನು ನುಡಿಸುವ ಭಾಷೆ ಮತ್ತು ಬಂಧ

ಯುದ್ಧವನ್ನು ಚಿತ್ರಿಸುವ ಕವಿಯು ಶೌರ್ಯದ ಆರ್ಭಟವನ್ನು ಕೇಳಿಸುವುದರ ಜೊತೆಗೆ ಸಾವಿನ ನಷ್ಟವನ್ನೂ ಕಾಣಿಸಬೇಕಾಗುತ್ತದೆ. ಈ ಎರಡು ಹೊಣೆಗಳನ್ನೂ ಭಾಷೆ ಮತ್ತು ಬಂಧಗಳ ಮೂಲಕವೇ ನಿರ್ವಹಿಸಿದ ಕನ್ನಡದ ಮೇರುಕೃತಿ ರನ್ನನ ‘ಗದಾಯುದ್ಧ’. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ರಚಿತವಾದ ಈ ಕಾವ್ಯವು ಪದ್ಯ ಗದ್ಯಗಳೆರಡೂ ಬೆರೆತ ಚಂಪೂ ರೂಪದಲ್ಲಿದೆ.

ಮಹಾಭಾರತ ಯುದ್ಧದ 18 ದಿನಗಳನ್ನು ಕ್ರಮವಾಗಿ ಹೇಳದೆ, ಕೊನೆಯ ದಿನದಲ್ಲಿ ನಿಂತು, ನಡೆಯುವ ಸಿಂಹವು ಹಿಂದಿರುಗಿ ನೋಡುವಂತೆ ಕಳೆದುದನ್ನು ನೆನೆಯುವ ‘ಸಿಂಹಾವಲೋಕನ’ ಕ್ರಮವನ್ನು ರನ್ನನು ಆರಿಸಿಕೊಂಡಿದ್ದಾನೆ. ಹೀಗಾಗಿ ಪ್ರತಿಯೊಂದು ಪರಾಕ್ರಮವೂ ಅದರ ಪರಿಣಾಮದ ಎದುರಿನಲ್ಲಿಯೇ ನೆನಪಾಗುತ್ತದೆ.

ಈ ಕ್ರಮದ ಸಾರ್ಥಕತೆ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ಹಾದುಹೋಗುವ ಭಾಗದಲ್ಲಿ ಎದ್ದು ಕಾಣುತ್ತದೆ. ಹೆಣಗಳ ನಡುವೆ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರನ್ನು ಒಬ್ಬೊಬ್ಬರಾಗಿ ಕಾಣುವ ಅರಸನು, ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನೆ. ಕರ್ಣನೆದುರು ಆತನ ಮಾತು ನೇರ ಸಂಬೋಧನೆಯಾಗಿ, ಗೆಳೆಯನಿಗಾಗಿ ಮಿಡಿಯುವ ವಿಲಾಪವಾಗುತ್ತದೆ.

ಛಂದಸ್ಸು ಕೂಡ ಭಾವಕ್ಕೆ ತಕ್ಕಂತೆ ಒದಗುತ್ತದೆ. ಅಕ್ಷರಗಳ ಗುರು-ಲಘು ವಿನ್ಯಾಸ ನಿಯತವಾಗಿರುವ ದೀರ್ಘ ವೃತ್ತಗಳು ಒತ್ತಕ್ಷರಗಳ ಬಿರುಸಿನೊಡನೆ ಭೀಮನ ಕ್ರೋಧವನ್ನು ಮೊಳಗಿಸಿದರೆ, 12 ಮತ್ತು 20 ಮಾತ್ರೆಗಳ ಸಾಲುಗಳು ಒಂದಾದ ಮೇಲೊಂದು ಬರುವ ನಾಲ್ಕು ಪಾದಗಳ ಕಂದಪದ್ಯವು ಸಂವಾದಕ್ಕೂ ಶೋಕಕ್ಕೂ ಒಗ್ಗುತ್ತದೆ.

ಭೀಮನ ವಿಜಯವನ್ನು ಹಾಡಲೆಂದೇ ಹೊರಟ ಕಾವ್ಯವು ಸೋತವನ ದುಃಖಕ್ಕೂ ಇಷ್ಟು ಘನತೆಯನ್ನು ನೀಡಿರುವುದೇ ರನ್ನನ ನಿಜವಾದ ಹಿರಿಮೆ.