ಜನರೇಟರ್ ಬೆಲ್ಲೋಸ್‌ಗೆ ಪೇಂಟ್ ಹೊಡೆದ್ರೆ ಸಾಕಾ?

ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ಇರೋರಿಗೆ ಈ ಸೌಂಡ್ ಚೆನ್ನಾಗಿ ಗೊತ್ತು. ಕರೆಂಟ್ ಹೋಗುತ್ತೆ, ಕೆಲವೇ ಸೆಕೆಂಡ್‌ನಲ್ಲಿ ಜನರೇಟರ್ ‘ಗುರ್’ ಅನ್ನುತ್ತೆ, ಲಿಫ್ಟ್ ಮತ್ತೆ ಓಡುತ್ತೆ. ಇವತ್ತಿನ ಎಪಿಸೋಡ್ ಆ ಜನರೇಟರ್‌ನ ಒಂದೇ ಒಂದು ಪಾರ್ಟ್ ಬಗ್ಗೆ. ಎಂಜಿನ್‌ನಿಂದ ಹೊಗೆ ಹೊರಗೆ ಬರೋ ಜಾಗದಲ್ಲಿ, ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯಾಗಿರೋ ಸ್ಟೀಲ್ ಪೈಪ್ ಇರುತ್ತೆ. ಅದೇ ಬೆಲ್ಲೋಸ್.

ಅದು ಯಾಕೆ ಬೇಕು? ಎಂಜಿನ್ ನಡುಗುತ್ತೆ. ಹೊಗೆ ಪೈಪ್ ಬಿಸಿಯಾದಾಗ ಉದ್ದ ಆಗುತ್ತೆ, ಆರಿದಾಗ ಕುಗ್ಗುತ್ತೆ. ಮಧ್ಯದಲ್ಲಿ ಬಾಗೋ ಭಾಗ ಇಲ್ಲದಿದ್ರೆ ಜಾಯಿಂಟ್ ಒಡೆದುಹೋಗುತ್ತೆ. ಆದರೆ ಬೆಲ್ಲೋಸೇ ಸೀಳಿದ್ರೆ? ಮುಚ್ಚಿದ ಬೇಸ್‌ಮೆಂಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಆದರೆ ಜೀವ ತೆಗೆಯುತ್ತೆ.

ಸರಿ, ಆಸಿಡ್ ಎಲ್ಲಿಂದ ಬಂತು? ಇಂಧನದಲ್ಲಿರೋ ಸಲ್ಫರ್ ಉರಿದು ಗ್ಯಾಸ್ ಆಗುತ್ತೆ. ಅದರ ಸ್ವಲ್ಪ ಭಾಗ ಹೊಗೆಯಲ್ಲಿರೋ ನೀರಿನ ಆವಿ ಜೊತೆ ಸೇರಿ ಸಲ್ಫ್ಯೂರಿಕ್ ಆಸಿಡ್ ಆಗುತ್ತೆ. ಸಲ್ಫರ್ ಜಾಸ್ತಿ ಇರೋ ಇಂಧನವಾದ್ರೆ, ಲೋಹದ ಬಿಸಿ ಸುಮಾರು 120–150 ಡಿಗ್ರಿಗಿಂತ ಕೆಳಗಿಳಿದಾಗ ಆ ಆಸಿಡ್ ಇಬ್ಬನಿ ಥರ ಮಡಿಕೆಗಳ ಒಳಗೆ ಕೂತುಬಿಡುತ್ತೆ.

‘ಹಾಗಾದ್ರೆ ಒಳಗೆ ಒಂದು ಕೋಟಿಂಗ್ ಕೊಟ್ರೆ ಆಯ್ತಲ್ವಾ?’ ಅಂತ ನೀವು ಕೇಳಬಹುದು. ನನಗೂ ಮೊದಲು ಬಂದ ಪ್ರಶ್ನೆ ಅದೇ. ಇಲ್ಲೇ ಇರೋದು ಕಥೆ.

ಒಂದು ಪಟ್ಟಿಯನ್ನ ಬಾಗಿಸಿ ನೋಡಿ. ಹೊರಗಿನ ಮೈ ಹಿಗ್ಗುತ್ತೆ, ಒಳಗಿನ ಮೈ ಕುಗ್ಗುತ್ತೆ. ಮೇಲೆ ಅಂಟಿರೋ ಕೋಟಿಂಗ್ ಕೂಡ ಅಷ್ಟೇ ಹಿಗ್ಗಬೇಕು. ಗಾಜಿನಂಥ ಎನಾಮಲ್, ಸೆರಾಮಿಕ್ ಇವೆಲ್ಲ ಬಿಸಿ ಆಸಿಡ್‌ಗೆ ಜಗ್ಗಲ್ಲ, ಆದರೆ ಬಾಗಿಸಿದ್ರೆ ಬಿರುಕು ಬಿಡುತ್ತವೆ. ಟೆಫ್ಲಾನ್ ಅಂತ ನಾವು ಕರೆಯೋ ಪಿಟಿಎಫ್‌ಇ ಚೆನ್ನಾಗಿ ಬಾಗುತ್ತೆ, ಆಸಿಡ್‌ಗೂ ಹೆದರಲ್ಲ. ಕೆಮಿಕಲ್ ಪ್ಲಾಂಟ್‌ಗಳಲ್ಲಿ ಆಸಿಡ್ ಪೈಪ್‌ಗೆ ಪೂರ್ತಿ ಪಿಟಿಎಫ್‌ಇಯಲ್ಲೇ ಮಾಡಿದ ಬೆಲ್ಲೋಸ್ ಹಾಕೋದೂ ಉಂಟು. ಆದರೆ ಅದರ ಮಿತಿ ಸುಮಾರು 260 ಡಿಗ್ರಿ. ಲೋಡ್ ಮೇಲಿರೋ ಡೀಸೆಲ್ ಎಂಜಿನ್‌ನ ಹೊಗೆ 400 ಡಿಗ್ರಿ ದಾಟಬಹುದು.

ಯಶವಂತಪುರದ ಪಕ್ಕದ ಪೀಣ್ಯದಲ್ಲಿ ಪ್ಲೇಟಿಂಗ್ ಶಾಪ್‌ಗಳಿಗೆ ಬರ ಇಲ್ಲ. ಹಾರ್ಡ್ ಕ್ರೋಮ್ ಮಾಡಿಸಿದ್ರೆ? ಆ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ. ಇನ್ನು ಸಾದಾ ಸ್ಟೀಲ್ ಮೇಲೆ ನಿಕ್ಕಲ್ ಹಾಕಿ, ಅದರಲ್ಲಿ ಸೂಜಿಮೊನೆಯಷ್ಟು ತೂತು ಉಳಿದ್ರೂ ಸಾಕು, ಸವೆತವೆಲ್ಲ ಆ ಒಂದೇ ಚುಕ್ಕೆಗೆ ನುಗ್ಗಿ ಆಳಕ್ಕೆ ಕೊರೆಯುತ್ತೆ. ಹೊರಗೆ ಹೊಡೆಯೋ ಸಿಲ್ವರ್ ಪೇಂಟ್ ಅಂತೂ ಒಳಗಿನ ಆಸಿಡ್‌ಗೆ ಲೆಕ್ಕಕ್ಕೇ ಇಲ್ಲ.

ಹಾಗಾಗಿ ಎಂಜಿನಿಯರ್‌ಗಳು ಕೋಟಿಂಗ್ ಬಿಟ್ಟು ಲೋಹವನ್ನೇ ಬದಲಿಸ್ತಾರೆ. 321 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ತುಂಬಾ ಕಷ್ಟದ ಜಾಗಕ್ಕೆ ಇಂಕೊನೆಲ್ 625. ಒಂದು ದಪ್ಪ ಹಾಳೆ ಬದಲು ಹಲವು ತೆಳು ಹಾಳೆಗಳನ್ನ ಪದರವಾಗಿ ಇಟ್ರೆ ಸುಲಭವಾಗಿ ಬಾಗುತ್ತೆ.

ಇನ್ನೊಂದು ದಾರಿ, ಆಸಿಡ್ ಹುಟ್ಟೋದನ್ನೇ ಕಡಿಮೆ ಮಾಡೋದು. ಯಲಹಂಕದಲ್ಲಿ 1990ರ ದಶಕದಿಂದ ಕೆಪಿಸಿಯ ಡೀಸೆಲ್ ವಿದ್ಯುತ್ ಕೇಂದ್ರ ಇತ್ತು. ಅಂಥ ಕೇಂದ್ರಗಳ ದೊಡ್ಡ ಎಂಜಿನ್‌ಗಳು ಸಾಮಾನ್ಯವಾಗಿ ಉರಿಸೋ ದಪ್ಪ ಎಣ್ಣೆಯಲ್ಲಿ ಸಲ್ಫರ್ ಜಾಸ್ತಿ. ಈಗ ಅಲ್ಲಿರೋದು 370 ಮೆಗಾವ್ಯಾಟ್‌ನ ಗ್ಯಾಸ್ ಕೇಂದ್ರ, ನೈಸರ್ಗಿಕ ಅನಿಲದಲ್ಲಿ ಸಲ್ಫರ್ ಹೆಸರಿಗಷ್ಟೇ. ಬಂಕ್ ಡೀಸೆಲ್‌ನಲ್ಲೂ ಅಷ್ಟೇ: ಬಿಎಸ್-4ರಲ್ಲಿ 50 ಪಿಪಿಎಂ ಇದ್ದ ಸಲ್ಫರ್ ಮಿತಿ, ಏಪ್ರಿಲ್ 2020ರಿಂದ ಬಿಎಸ್-6ರಲ್ಲಿ 10ಕ್ಕೆ ಇಳಿದಿದೆ.

ಆಸಿಡ್ ಕಡಿಮೆ ಆಯ್ತು, ಪೂರ್ತಿ ಹೋಗಿಲ್ಲ. ವಾರಕ್ಕೊಮ್ಮೆ ‘ಟೆಸ್ಟಿಂಗ್’ ಅಂತ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ ಆಫ್ ಮಾಡಿದ್ರೆ ಪೈಪ್ ಸರಿಯಾಗಿ ಬಿಸಿನೇ ಆಗಲ್ಲ, ಒಳಗೆ ತೇವ ಉಳಿಯುತ್ತೆ. ಅಮೆರಿಕದ ಎನ್‌ಎಫ್‌ಪಿಎ 110 ನಿಯಮದ ಪ್ರಕಾರ ತಿಂಗಳಿಗೊಮ್ಮೆ, ಕನಿಷ್ಠ 30% ಲೋಡ್‌ನಲ್ಲಿ, 30 ನಿಮಿಷ ಓಡಿಸಬೇಕು.

ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಮೂರೇ ಪ್ರಶ್ನೆ ಕೇಳಿ. ಬೆಲ್ಲೋಸ್‌ನ ಕೊನೆಯ ಸಲ ಯಾವಾಗ ಚೆಕ್ ಮಾಡಿದ್ರಿ? ಹೊಗೆ ಪೈಪ್‌ಗೆ ನೀರು ಇಳಿಯೋ ಡ್ರೈನ್ ಇದೆಯಾ? ಜನರೇಟರ್ ರೂಮ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇದೆಯಾ? ಮೂರನೇದಕ್ಕೆ ‘ಇಲ್ಲ’ ಅಂದ್ರೆ, ಮೊದಲು ಅದನ್ನೇ ಹಾಕಿಸಿ.