ಪಾರಿವಾಳ ಕೇಳಲು ಬಂದಾಕೆ, ಮೊಲ ಕಳೆದುಕೊಂಡಾತ

ಒಬ್ಬ ಗೃಹಸ್ಥ. ಯಾರಿಗೋ ಕೊಟ್ಟ ಮಾತಿಗಾಗಿ ಇದ್ದಬದ್ದ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟು ಹೆಂಡತಿ, ಮಗನ ಜೊತೆ ಬೀದಿಗೆ ಬರುತ್ತಾನೆ. ಆಮೇಲೂ ಸಾಲ ಉಳಿಯುತ್ತದೆ. ಅದನ್ನು ತೀರಿಸಲು ಅವರಿಬ್ಬರನ್ನೂ ಮಾರಿ, ತಾನು ಸುಡುಗಾಡಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಸತ್ತ ಮಗನನ್ನು ಹೊತ್ತು ತಂದ ಹೆಂಡತಿಯ ಹತ್ತಿರವೇ ಸುಡುವ ಸುಂಕ ಕೇಳುತ್ತಾನೆ. ಇಷ್ಟಾದರೂ ಇವನಂಥ ಮನುಷ್ಯ ಇನ್ನೊಬ್ಬ ಹುಟ್ಟಲಿಲ್ಲ ಎಂದು ಲೋಕವೆಲ್ಲ ಕೊಂಡಾಡುತ್ತದೆ. ಯಾವ ಸಿನಿಮಾ?

ತಲೆ ನರೆತವರು ಸುಡುಗಾಡಿನ ತನಕ ಕಾಯುವುದಿಲ್ಲ. ಹೆಂಡತಿಯನ್ನು ಮಾರಿದ ಎಂದ ಕೂಡಲೇ 'ಸತ್ಯ ಹರಿಶ್ಚಂದ್ರ' ಎಂದುಬಿಡುತ್ತಾರೆ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, 1965. ಮೇಲಿನ ಕತೆಯಲ್ಲಿ ಒಂದಾದರೂ ಸುಳ್ಳಿದೆಯೇ ನೋಡಿ. ಇಲ್ಲ. ನಡೆದದ್ದನ್ನೇ ಹೇಳಿದೆ. ವಿಶ್ವಾಮಿತ್ರರನ್ನು ತೆಗೆದೆ, ಕಿರೀಟ ತೆಗೆದೆ, ಸತ್ಯ ಎಂಬ ಮಾತನ್ನು ಬಾಯಿಬಿಡಲಿಲ್ಲ. ಉಳಿದದ್ದು ಪಕ್ಕದ ಮನೆಯವರು ಜಗಲಿಯಲ್ಲಿ ಕೂತು ಆಡಿಕೊಳ್ಳುವಂಥ ಒಂದು ಸಂಸಾರದ ಸುದ್ದಿ.

ಅಂತ್ಯಾಕ್ಷರಿ ಸಾಕಾಗಿ, ಮೂಕಾಭಿನಯದಲ್ಲಿ ಕೈಕಾಲು ಸೋತ ಮೇಲೆ, ಮದುವೆಗೆ ಹೊರಟ ಬಸ್ಸಿನಲ್ಲೋ ಹಬ್ಬಕ್ಕೆ ಸೇರಿದ ಮನೆಯಲ್ಲೋ ಆಡಲು ಇದಕ್ಕಿಂತ ಒಳ್ಳೆಯ ಆಟವಿಲ್ಲ. ಖರ್ಚಿಲ್ಲ, ಸಾಮಾನು ಬೇಡ. ಎಲ್ಲರೂ ನೋಡಿದ ಚಿತ್ರವೊಂದರ ಕತೆಯನ್ನು ಯಾರೂ ಕೂಡಲೇ ಗುರುತಿಸದ ಹಾಗೆ ಹೇಳಬೇಕು. ಆದರೆ ಸುಳ್ಳು ಹೇಳುವಂತಿಲ್ಲ. ಅಷ್ಟೇ ನಿಯಮ. ಸುಳ್ಳು ಸೇರಿಸಿದರೆ ಯಾವ ಬೆಪ್ಪನೂ ದಾರಿ ತಪ್ಪಿಸಬಲ್ಲ. ನಿಜವನ್ನೇ ಹೇಳುತ್ತ ದಾರಿ ತಪ್ಪಿಸಲು ಮಾತ್ರ ಕೈಚಳಕ ಬೇಕು.

ಅಮೆರಿಕದಲ್ಲಿ ಈ ಕೈಚಳಕಕ್ಕೆ ಹೆಸರಾದವರು ರಿಕ್ ಪೊಲಿಟೊ ಎಂಬ ಪತ್ರಕರ್ತರು. ಕ್ಯಾಲಿಫೋರ್ನಿಯಾದ 'ಮರಿನ್ ಇಂಡಿಪೆಂಡೆಂಟ್ ಜರ್ನಲ್' ಪತ್ರಿಕೆಗೆ ಟಿ.ವಿ.ಯಲ್ಲಿ ಬರುವ ಚಿತ್ರಗಳ ಬಗ್ಗೆ ಒಂದೊಂದು ಸಾಲು ಬರೆಯುವುದು ಅವರ ಕೆಲಸವಾಗಿತ್ತು. 1939ರ 'ದಿ ವಿಜರ್ಡ್ ಆಫ್ ಆಜ್' ಬಗ್ಗೆ 1998ರಲ್ಲಿ ಅವರು ಬರೆದ ಸಾಲಿನ ತಾತ್ಪರ್ಯ ಇಷ್ಟು: ಗೊತ್ತಿಲ್ಲದ ನಾಡಿಗೆ ಬಂದಿಳಿದ ಹುಡುಗಿಯೊಬ್ಬಳು ಮೊದಲು ಎದುರಾದವಳನ್ನು ಕೊಲ್ಲುತ್ತಾಳೆ, ಆಮೇಲೆ ಮೂವರು ಅಪರಿಚಿತರನ್ನು ಕಟ್ಟಿಕೊಂಡು ಇನ್ನೊಂದು ಕೊಲೆಗೆ ಹೊರಡುತ್ತಾಳೆ. ಮಕ್ಕಳ ಚಿತ್ರ ಅದು! ಸುಂಟರಗಾಳಿಗೆ ಹಾರಿಬಂದ ಮನೆ ಮಾಟಗಾತಿಯ ಮೇಲೆ ಬಿದ್ದು ಅವಳು ಸತ್ತದ್ದು ನಿಜ, ಎರಡನೆಯ ಮಾಟಗಾತಿ ಈ ಹುಡುಗಿ ಎರಚಿದ ನೀರಿಗೆ ಕರಗಿಹೋದದ್ದೂ ನಿಜ. ಪೊಲಿಟೊ ಬರೆದ ಬೇರೆಲ್ಲವನ್ನೂ ಜನ ಮರೆತರು, ಈ ಒಂದು ಸಾಲು ಮಾತ್ರ ಇನ್ನೂ ಓಡಾಡಿಕೊಂಡಿದೆ.

ನಮಗೆ ಇದು ಹೊಸ ವಿದ್ಯೆಯೇನಲ್ಲ. ದಾಸರ ನಿಂದಾಸ್ತುತಿಗಳನ್ನು ಕೇಳಿದವರಿಗೆ ಇದರ ವರಸೆ ಗೊತ್ತು. ಮೀನಾಗಿ ನೀರಲ್ಲಿ ಅಲೆದವನು, ಹಂದಿಯಾಗಿ ಕೆಸರು ಬಗೆದವನು, ಹೆತ್ತವಳ ತಲೆ ಕಡಿದವನು, ನೆರೆಮನೆಯ ಬೆಣ್ಣೆ ಕದ್ದವನು, ಇಂಥವನನ್ನು ನಂಬಿ ಕೆಟ್ಟೆನಲ್ಲ ಎಂದು ಬೈಯುತ್ತ ಬೈಯುತ್ತಲೇ ದಶಾವತಾರವನ್ನೆಲ್ಲ ಮುಗಿಸುತ್ತಾರೆ. ಒಂದೂ ಸುಳ್ಳಲ್ಲ. ಕರಾವಳಿ, ಮಲೆನಾಡಿನವರಾದರೆ ತಾಳಮದ್ದಳೆಯನ್ನು ನೆನೆಸಿಕೊಳ್ಳಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಅರ್ಥ ಹೇಳಲು ಕೂತರೆ, ರಾಮಾಯಣವೆಂದರೆ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನೊಬ್ಬನ ಕತೆ ಎಂದು ಸಭೆಗೆ ಆ ಹೊತ್ತಿಗೆ ಅನಿಸಿಯೇ ಬಿಡುತ್ತಿತ್ತು. ಕತೆ ಅದೇ, ಕೂತ ಜಾಗ ಬೇರೆ.

ಸಿನಿಮಾ ಆಟದ ಗುಟ್ಟೂ ಅಲ್ಲೇ ಇದೆ. ನಾಯಕನ ಪಕ್ಕದಿಂದ ಎದ್ದು ಬೇರೆಯವರ ಪಕ್ಕ ಕೂರಬೇಕು. 1972ರ 'ನಾಗರಹಾವು' ತೆಗೆದುಕೊಳ್ಳಿ. ರಾಮಾಚಾರಿಯ ಕಡೆಯಿಂದ ಹೇಳಿದರೆ ಚಿತ್ರದುರ್ಗದ ಕೋಟೆ ಕಣ್ಣಿಗೆ ಬಂದು ಆಟ ಮುಗಿಯುತ್ತದೆ. ಹೀಗೆ ಹೇಳಿ ನೋಡಿ: ಸಂಭಾವಿತ ಮೇಷ್ಟ್ರೊಬ್ಬರು ತಮ್ಮ ಹಳೆಯ ವಿದ್ಯಾರ್ಥಿಯ ಪ್ರೇಮವನ್ನು ಒಂದು ಸಲ ಬುದ್ಧಿ ಹೇಳಿ ತಪ್ಪಿಸುತ್ತಾರೆ. ಆ ಹುಡುಗಿಯ ಬಾಳು ಹಾಳಾಗುತ್ತದೆ. ಇನ್ನೊಂದು ಸಲ ತಪ್ಪಿಸಲು ಬೆಟ್ಟ ಹತ್ತುತ್ತಾರೆ. ಮೂವರಲ್ಲಿ ಒಬ್ಬರೂ ಮನೆಗೆ ಹಿಂದಿರುಗುವುದಿಲ್ಲ. ಚಾಮಯ್ಯ ಮೇಷ್ಟ್ರ ಮೇಲೆ ಕನ್ನಡಿಗರಿಗಿರುವ ಗೌರವಕ್ಕೆ ಈ ಕತೆ ಸ್ವಲ್ಪ ಇರುಸುಮುರುಸು ಮಾಡೀತು. ಆದರೆ ನಿರ್ದೇಶಕ ಪುಟ್ಟಣ್ಣನವರು ಚಿತ್ರದಲ್ಲಿ ಇಟ್ಟಿರುವ ಮುಳ್ಳೇ ಅದು. ಬೈದು ಹೇಳಿದಾಗ ತಾನೇ ಎದ್ದು ಕಾಣುತ್ತದೆ. ಅಂದ ಹಾಗೆ, ಈ ಚಿತ್ರದ ಅತ್ಯಂತ ಚಿಕ್ಕ, ಅತ್ಯಂತ ಚುರುಕಾದ ವರ್ಣನೆ ಕಾದಂಬರಿಕಾರ ತ.ರಾ.ಸು. ಅವರದೇ ಎಂದು ಪ್ರತೀತಿ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ.

ಮಾತಿನ ಧಾಟಿ ಬದಲಿಸುವುದು ಇನ್ನೊಂದು ಪಟ್ಟು. ತಾಲ್ಲೂಕು ಕಚೇರಿಯ ಕಡತದ ಭಾಷೆಯಷ್ಟು ಚೆನ್ನಾಗಿ ರೋಮಾಂಚನವನ್ನು ಕೊಲ್ಲುವ ಆಯುಧ ಕನ್ನಡದಲ್ಲಿ ಮತ್ತೊಂದಿಲ್ಲ. 'ವಿಷಯ: ಅರಣ್ಯದ ಗಡಿ ಗುರುತಿಸುವ ಕಾಮಗಾರಿಗೆ ಗ್ರಾಮಸ್ಥರಿಂದ ಅಡ್ಡಿ. ಸದರಿ ಜಮೀನನ್ನು ಹಿಂದಿನ ರಾಜರೊಬ್ಬರು ದಾನವಾಗಿ ನೀಡಿದ್ದು, ವಾರಸುದಾರರು ಹಿಂಪಡೆಯಲು ಇಚ್ಛಿಸಿರುತ್ತಾರೆ. ಕೋಣ ಓಡಿಸುವ ಯುವಕನೊಬ್ಬ ಇಲಾಖೆಯೊಂದಿಗೆ ಸಹಕರಿಸುತ್ತಿಲ್ಲ. ರಾತ್ರಿ ವೇಳೆ ಕಾಡಿನಲ್ಲಿ ಯಾರೋ ಕೂಗಿಕೊಳ್ಳುವ ಬಗ್ಗೆಯೂ ಮೌಖಿಕ ದೂರುಗಳಿವೆ. ಮುಂದಿನ ಆದೇಶಕ್ಕಾಗಿ ಮಂಡಿಸಿದೆ.' 2022ರಲ್ಲಿ ಥಿಯೇಟರಿನಲ್ಲಿ ಮೈ ಜುಮ್ಮೆನಿಸಿಕೊಂಡವರೇ ಈ 'ಕಾಂತಾರ'ವನ್ನು ಕಂಡುಹಿಡಿಯಲು ಕೊನೆಯ ಕೂಗಿನವರೆಗೆ ಕಾಯಬೇಕಾಗುತ್ತದೆ. 'ಕೆಜಿಎಫ್' ಚಿತ್ರಕ್ಕೆ ಕಂಪನಿಯ ಸಿಬ್ಬಂದಿ ವಿಭಾಗದ ಭಾಷೆ ಹೊಂದುತ್ತದೆ: ಮುಂಬೈಯಲ್ಲಿ ಅನುಭವ ಪಡೆದ ಅಭ್ಯರ್ಥಿ ಗಣಿಯೊಂದರಲ್ಲಿ ಕೆಳಹಂತದ ಕಾರ್ಮಿಕನಾಗಿ ಸೇರಿ, ಮೇಲಿನ ಹುದ್ದೆಯೊಂದನ್ನು ಸ್ವಂತ ಪರಿಶ್ರಮದಿಂದ ತೆರವು ಮಾಡುತ್ತಾನೆ, ತಾಯಿಯ ಮಾತು ಮೀರುವುದಿಲ್ಲ. 'ಮುಂಗಾರು ಮಳೆ'ಗೆ ಜಿಲ್ಲಾ ಪುಟದ ಒಂದು ತಲೆಬರಹ ಸಾಕು: ಕೊಡಗಿನಲ್ಲಿ ಭಾರಿ ಮಳೆ, ಮದುವೆ ಸುಸೂತ್ರ, ಮೊಲ ಸಾವು.

'ಭಕ್ತ ಪ್ರಹ್ಲಾದ' (1983) ಒಬ್ಬ ಪೋಷಕರು ಶಾಲೆಗೆ ಬರೆದ ಪತ್ರದಂತೆ ಬಂದರೆ ಚೆಂದ. 'ನನ್ನ ಮಗನಿಗೆ ನೀವು ಕಲಿಸಿದ್ದು ಒಂದೂ ಹತ್ತಿಲ್ಲ. ದಿನವಿಡೀ ಒಂದೇ ಹೆಸರು ಹೇಳುತ್ತಾನೆ, ಅದೂ ನನಗೆ ಆಗದವನ ಹೆಸರು. ಮನೆಯಲ್ಲಿ ನಾನು ಮಾಡದ ಪ್ರಯತ್ನವಿಲ್ಲ. ಬೆಟ್ಟದಿಂದ ತಳ್ಳಿಸಿದೆ, ಆನೆಯಿಂದ ತುಳಿಸಿದೆ. ನಿನ್ನೆ ಸಂಜೆ ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲಿ ಕಂಬಕ್ಕೆ ಹೊಡೆದೆ...' ಪತ್ರ ಅಲ್ಲಿಗೆ ನಿಂತಿದೆ. ಇದು ಇಷ್ಟು ಸಲೀಸಾಗಿ ಬರಲು ಕಾರಣ ರಾಜ್‌ಕುಮಾರ್. ಹಿರಣ್ಯಕಶಿಪುವಾಗಿ ಅವರು ನಿಂತ ನಿಲುವಿನಲ್ಲಿ ಪ್ರೇಕ್ಷಕರ ಅರ್ಧ ಮನಸ್ಸು ಆಗಲೇ ಅಪ್ಪನ ಕಡೆ ವಾಲಿತ್ತು. ಪ್ರಹ್ಲಾದನಾಗಿ ಪುನೀತ್ ಎದುರಿಗಿರದಿದ್ದರೆ ಪೂರ್ತಿ ವಾಲುತ್ತಿತ್ತೇನೋ.

ಈ ಆಟಕ್ಕೆ ಎಲ್ಲ ಚಿತ್ರಗಳೂ ಒಗ್ಗುವುದಿಲ್ಲ. ಅದೇ ನನಗೆ ಇದರಲ್ಲಿ ಸ್ವಾರಸ್ಯವಾಗಿ ಕಾಣುವುದು. ಅಪ್ಪನನ್ನು ಕೊಂದವರ ಮೇಲೆ ಮಗ ಸೇಡು ತೀರಿಸಿಕೊಳ್ಳುತ್ತಾನೆ ಎನ್ನಿ. ಯಾವ ಚಿತ್ರ? ನೂರು ಹೆಸರು ಬರುತ್ತವೆ, ನೂರೂ ಸರಿ. ಹಳ್ಳಿಗೆ ಬಂದ ಪಟ್ಟಣದ ಹುಡುಗ ಗೌಡರ ಮಗಳನ್ನು ಪ್ರೀತಿಸುತ್ತಾನೆ ಎನ್ನಿ. ಮತ್ತೆ ನೂರು. ಎಷ್ಟು ಕೊಂಕಿಸಿ ಹೇಳಿದರೂ ಅವು ಗುರುತು ಸಿಗುವುದಿಲ್ಲ, ಏಕೆಂದರೆ ಅವಕ್ಕೆ ಸ್ವಂತ ಗುರುತೇ ಇಲ್ಲ. 'ಗಂಧದ ಗುಡಿ'ಯಲ್ಲೂ ಬಾಲ್ಯದಲ್ಲಿ ಅಗಲಿದ ಅಣ್ಣತಮ್ಮಂದಿರಿದ್ದಾರೆ. ಅದನ್ನಷ್ಟೇ ಹೇಳಿದರೆ ಯಾರಿಗೂ ಹೊಳೆಯುವುದಿಲ್ಲ. ಕಾಡು, ಆನೆ ಎಂದಾಗ ಹೊಳೆಯುತ್ತದೆ. ಮೊಬೈಲಿನಲ್ಲಿ ಸಿನಿಮಾ ನೋಡುವ ಆ್ಯಪ್‌ಗಳು ಪ್ರತಿ ಚಿತ್ರದ ಕೆಳಗೆ ಗಂಭೀರವಾಗಿ ಬರೆಯುವ ಸಾಲುಗಳನ್ನು ಓದಿ. ಅನಿರೀಕ್ಷಿತ ತಿರುವಿನಿಂದ ಯುವಕನ ಬದುಕು ಬದಲಾಗುತ್ತದೆ, ಕುಟುಂಬದ ಗುಟ್ಟೊಂದು ಬಯಲಾಗುತ್ತದೆ ಎಂಬಂಥವು. ದಾರಿ ತಪ್ಪಿಸಲೆಂದೇ ಬರೆದ ನಮ್ಮ ಸಾಲಿನಲ್ಲಿ ಚಿತ್ರ ಸಿಗುತ್ತದೆ, ದಾರಿ ತೋರಿಸಲು ಬರೆದ ಅವರ ಸಾಲಿನಲ್ಲಿ ಸಿಗುವುದಿಲ್ಲ. ಹಿಂದೆ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದ 'ಕಥಾಸಾರ'ವೇ ಮೇಲು. ಅರ್ಧ ಕತೆಯನ್ನು ನೆಟ್ಟಗೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಮುಗಿಯುತ್ತಿತ್ತು.

ಹಾಗಾದರೆ ಗುರುತು ಕೊಡುವುದು ಯಾವುದು? ದೊಡ್ಡ ಕತೆಯಂತೂ ಅಲ್ಲ. ಒಂದು ಮೊಲ, ಒಂದು ತಟ್ಟೆ, ಒಂದು ಹಕ್ಕಿ.

ತಟ್ಟೆಯ ಚಿತ್ರ 'ಬಂಗಾರದ ಮನುಷ್ಯ'. ಅಕ್ಕನ ಮನೆಗೆಂದು ಬಂದ ತಮ್ಮ ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತಾನೆ, ಒಂದು ದಿನ ಉಣ್ಣುತ್ತಿದ್ದಾಗ ಸೋದರಳಿಯ ಏನೋ ಅಂದನೆಂದು ಅರ್ಧಕ್ಕೇ ಎದ್ದು ಹೋಗಿಬಿಡುತ್ತಾನೆ. ಇದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಹೋಗಿ ನೇಗಿಲು ಹಿಡಿದವರಿದ್ದರು ಎಂಬುದನ್ನು ನಮ್ಮ ಈ ಸಾರಾಂಶದಿಂದ ಊಹಿಸಲು ಸಾಧ್ಯವೇ ಇಲ್ಲ. ಆದರೂ ಅರ್ಧಕ್ಕೇ ಬಿಟ್ಟ ಊಟ ಎಂದೊಡನೆ ಹೆಂಗಸರಲ್ಲಿ ಯಾರಾದರೊಬ್ಬರು 'ಅಯ್ಯೋ, ರಾಜೀವಪ್ಪ!' ಎನ್ನದೆ ಇರುವುದಿಲ್ಲ.

ಹಕ್ಕಿಯ ಚಿತ್ರ ಇನ್ನೂ ಗಟ್ಟಿ. ಬೆಂಕಿಪೊಟ್ಟಣದ ಕಾರ್ಖಾನೆ ಇಟ್ಟುಕೊಂಡಿದ್ದ ಸಾಹುಕಾರ. ಲೆಕ್ಕಾಚಾರ ಸಾಲದು. ಕೇಳಿದವರಿಗೆ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಒಂದು ಮಧ್ಯಾಹ್ನ ಮನೆಗೆ ಬಂದಾಕೆಯನ್ನು ಉಣ್ಣದೆ ಹೋಗಬಾರದೆಂದು ಬಲವಂತ ಮಾಡುತ್ತಾನೆ. ಊಟ ಮುಗಿದ ಮೇಲೆ ಆಕೆ ತಾನು ಬಂದ ಕಾರಣ ಹೇಳುತ್ತಾಳೆ. ಕಾಯಿಲೆಯ ಮಗುವಿಗೆ ಇವನ ಪಾರಿವಾಳ ಬೇಕಿತ್ತು. ಆ ಊಟಕ್ಕಾಗಿಯೇ ಪಾರಿವಾಳ ಕೈಬಿಟ್ಟು ಹೋಗಿದೆ. ದೊರೈ-ಭಗವಾನ್ ಜೋಡಿಯ 'ಕಸ್ತೂರಿ ನಿವಾಸ' (1971). ಇಡೀ ಚಿತ್ರವನ್ನು ವ್ಯವಹಾರ ಗೊತ್ತಿಲ್ಲದವನ ದಿವಾಳಿಯ ಕತೆ ಎಂದು ಹೇಳಿ ನಗಿಸಬಹುದು. ಪಾರಿವಾಳದ ಹತ್ತಿರ ಬಂದಾಗ ಮಾತ್ರ ನಗೆ ನಿಲ್ಲುತ್ತದೆ, ಹೇಳುವವನದೂ. ಅದನ್ನು ಕೊಂಕಿಸಲು ಬರುವುದಿಲ್ಲ. ಇಟಲಿಯ ಬೊಕಾಚಿಯೊ ಆರು ಶತಮಾನಗಳ ಹಿಂದೆಯೇ ಇಂಥದೊಂದು ಕತೆ ಹೇಳಿದ್ದ. ಅಲ್ಲಿ ಪಾರಿವಾಳದ ಬದಲು ಬೇಟೆಯ ಗಿಡುಗ. ಹಕ್ಕಿ ಅಷ್ಟು ದೂರ ಹಾರಿಬಂದರೂ ಕತೆಯ ನೋವು ಸವೆದಿಲ್ಲ. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರಿಗೂ ಇದು ಸಿಕ್ಕಿತು, ಹಾಗಾಗಿ ಈಗ ಆಟದಲ್ಲಿ ಹುಡುಗರೂ ಹೇಳಬಲ್ಲರು.

ಬೆಂಗಳೂರಿನ ಆಫೀಸುಗಳಲ್ಲಿ ಈ ಆಟಕ್ಕೆ ಇನ್ನೊಂದು ತಂಟೆ ಇದೆ. ಹಳೆಯ ಬಂಗಲೆಗೆ ವಾಸಕ್ಕೆ ಬಂದ ದಂಪತಿ. ಹೆಂಡತಿಗೆ ಇದ್ದಕ್ಕಿದ್ದಂತೆ ನೃತ್ಯದ ಹುಚ್ಚು ಹತ್ತುತ್ತದೆ. ಗಂಡ ತನ್ನ ಡಾಕ್ಟರ್ ಗೆಳೆಯನನ್ನು ಕರೆಸುತ್ತಾನೆ. ಕನ್ನಡದವರು 'ಆಪ್ತಮಿತ್ರ' ಎನ್ನುತ್ತಾರೆ, ತಮಿಳರು 'ಚಂದ್ರಮುಖಿ', ಹಿಂದಿಯವರು 'ಭೂಲ್ ಭುಲಯ್ಯ'. ಮಲಯಾಳಿ ಸಹೋದ್ಯೋಗಿ ಮಾತ್ರ ಸುಮ್ಮನೆ ನಕ್ಕು, 1993ರ 'ಮಣಿಚಿತ್ರತ್ತಾಳ್' ಬಂದ ಮೇಲೆ ತಾನೇ ನಿಮ್ಮದೆಲ್ಲ ಎನ್ನುತ್ತಾನೆ. ಅಂಕ ಯಾರಿಗೆ ಕೊಡುವುದು? ನಮ್ಮ ಕಡೆಯವರು ಬಿಟ್ಟುಕೊಡಬಾರದು. ವಿಷ್ಣುವರ್ಧನ್, ಸೌಂದರ್ಯ ಇದ್ದಾರೆ.

ಕೊಂಕಿಸಲು ಹೋಗಿ ಸೋಲುವ ಚಿತ್ರವೂ ಒಂದಿದೆ. ನೂರೊಂದು ವರ್ಷದ ಅಜ್ಜ ಸಾಯುತ್ತಾನೆ. ಅವನ ಮಗ, ತಾನೂ ಮುದುಕನೇ, ತಲೆಕೆಡಿಸಿಕೊಳ್ಳದೆ ಹೊಲಗಳಲ್ಲಿ ಅಲೆಯುತ್ತಾನೆ. ಮೊಮ್ಮಗ ಜಮೀನು ಮಾರಲು ಬದುಕಿರುವ ಅಪ್ಪನ ಹೆಸರಲ್ಲೇ ಮರಣಪತ್ರ ಮಾಡಿಸಿ, ಊರಲ್ಲಿ ಕಾಣಿಸಿಕೊಳ್ಳಬೇಡ ಎಂದು ದುಡ್ಡು ಕೊಟ್ಟು ಕಳಿಸುತ್ತಾನೆ. ಮರಿಮಗ ಕುರಿ ಕಾಯುವ ಹುಡುಗಿಯ ಹಿಂದೆ ಬಿದ್ದಿರುತ್ತಾನೆ. ಇಷ್ಟರಲ್ಲಿ ಹನ್ನೊಂದನೇ ದಿನ ಬಂದುಬಿಡುತ್ತದೆ. ಇದು ದಾರಿ ತಪ್ಪಿಸುವ ವರ್ಣನೆಯಲ್ಲ, 'ತಿಥಿ'ಯ ಕತೆಯೇ ಇದು. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದ ರಾಮ್ ರೆಡ್ಡಿ ಅವರ ಈ ಚಿತ್ರಕ್ಕೆ ನಮ್ಮ ಕೊಂಕು ಬೇಕಾಗಿಲ್ಲ. ಗಡ್ಡಪ್ಪ ಮೊದಲೇ ಎಲ್ಲವನ್ನೂ ಆ ಕಣ್ಣಿನಿಂದಲೇ ನೋಡುತ್ತಿದ್ದಾನೆ.

ಆಡುವವರಿಗೆ ಇನ್ನೆರಡು ಮಾತು. ಕೊನೆಯನ್ನು ಬಿಟ್ಟುಕೊಟ್ಟೆ ಎಂದು ಯಾರೂ ಬೇಸರಿಸುವಂತಿಲ್ಲ, ನೋಡದ ಚಿತ್ರವನ್ನು ಇಲ್ಲಿ ಇಡುವುದೇ ತಪ್ಪು. ಹೆಸರಲ್ಲೇ ಕತೆ ಇರುವ ಚಿತ್ರಗಳನ್ನು ಮುಟ್ಟಬೇಡಿ. ಹಾಡಿನ ಸುಳಿವು ಕೊಟ್ಟರೆ ಆಟ ಅಲ್ಲಿಗೆ ಕೆಟ್ಟಿತು, ಆಮೇಲೆ ಎಲ್ಲರೂ ಹಾಡುತ್ತ ಕೂರುತ್ತಾರೆ.

ಕೊನೆಗೆ, ನೀವೇ ಬಿಡಿಸಲು ಮೂರು. ರಾಮನಗರದ ಬಂಡೆಗಳಲ್ಲಿ ನಡೆದದ್ದು ಸುಲಭ: ಕೈ ಕಳೆದುಕೊಂಡ ನಿವೃತ್ತ ಪೊಲೀಸ್ ಅಧಿಕಾರಿ ತನ್ನ ಸ್ವಂತ ಜಗಳಕ್ಕೆ ಇಬ್ಬರು ಕಳ್ಳರನ್ನು ಸಂಬಳ ಕೊಟ್ಟು ಕರೆಸುತ್ತಾನೆ. ಕಡಲಿನದೂ ಸುಲಭ: ನಿಧಿ ಹುಡುಕುವವರನ್ನು ಮೂರು ಗಂಟೆ ಕೂರಿಸಿಕೊಂಡು ಪ್ರೇಮಕತೆ ಹೇಳಿದ ಅಜ್ಜಿ, ಅವರು ಹುಡುಕುತ್ತಿದ್ದ ಒಡವೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದು ರಾತ್ರೋರಾತ್ರಿ ನೀರಿಗೆ ಬಿಡುತ್ತಾಳೆ. ಇನ್ನೊಂದಿದೆ, ಕನ್ನಡದ್ದೇ, 1977ರದು. ಕುದುರೆಯ ಬೆನ್ನು ಹತ್ತಿ ಬಂದ ಅಪ್ಪ, ಎದುರಿಗೆ ನಿಂತ ಹುಡುಗನನ್ನು ನೋಡಿ ನೀನು ನನ್ನ ಮಗನೇ ಅಲ್ಲ ಎನ್ನುತ್ತಾನೆ. ಅದೇ ಮಾತಿಗೆ ಯುದ್ಧವಾಗುತ್ತದೆ. ಚಿತ್ರಮಂದಿರದಲ್ಲಿ ಕೂತ ಸಾವಿರ ಜನಕ್ಕೂ ಕಾಣುತ್ತಿದೆ, ಇಬ್ಬರದೂ ಪಡಿಯಚ್ಚು ಒಂದೇ ಮುಖ.