ಇಂಜಿನ್ನಿಗೆ ಅಯಸ್ಕಾಂತದ ಹೀಟರು ಬೇಕೇ?

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ, ಹೊರಮಾವಿನಲ್ಲಿರುವ ನಮ್ಮ ಸದಸ್ಯರೊಬ್ಬರ ಮಗಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಕೆನಡಾದಿಂದ ರಜೆಗೆ ಬಂದಿದ್ದ ಆಕೆಯ ತಮ್ಮ ಒಂದು ಸಾಮಾನು ತಂದು ತೋರಿಸಿದರು. ಅಂಗೈ ಅಗಲದ ಪೆಟ್ಟಿಗೆ. ತಳದಲ್ಲಿ ಅಯಸ್ಕಾಂತ, ಒಳಗೆ ಶಾಖದ ತಂತಿ, ಮೇಲೆ ಹಿಡಿ. ಇಂಜಿನ್ನಿನ ಆಯಿಲ್ ಸಂಪಿಗೆ ಅಂಟಿಸಿ ಕರೆಂಟು ಕೊಟ್ಟರೆ ಒಳಗಿನ ಆಯಿಲ್ ಬಿಸಿಯಾಗುತ್ತದೆ.

"ಅಪ್ಪನ ಪಂಪಿನ ಇಂಜಿನ್ನು ಚಳಿಯ ಬೆಳಗಿನಲ್ಲಿ ಎಷ್ಟು ಹ್ಯಾಂಡಲ್ ಹೊಡೆದರೂ ಏಳುವುದಿಲ್ಲವಂತೆ, ಅದಕ್ಕೇ ತಂದಿದ್ದೇನೆ" ಎಂದರು.

ಪೆಟ್ಟಿಗೆಯ ಮೇಲಿನ ಬರಹ ಓದಿದೆವು: 120 ವೋಲ್ಟ್, 200 ವ್ಯಾಟ್. ನಮ್ಮಲ್ಲಿರುವುದು 230 ವೋಲ್ಟ್. ವೋಲ್ಟ್ ಇಮ್ಮಡಿಯ ಹತ್ತಿರ ಬಂದರೆ ಶಾಖ ಇಮ್ಮಡಿಯಲ್ಲ, ಮೂರೂವರೆ ಪಟ್ಟು ಮೀರುತ್ತದೆ. 200 ವ್ಯಾಟಿನ ಹೀಟರು 730 ವ್ಯಾಟ್ ದಾಟುತ್ತದೆ. ತಂತಿ ಕೂಡಲೇ ಸುಟ್ಟುಹೋದರೆ ಅದೃಷ್ಟ. ಇಲ್ಲದಿದ್ದರೆ ಡೀಸೆಲ್ ಜಿಡ್ಡು, ಸೋಗೆ ಮಾಡು ಇರುವ ಶೆಡ್ಡಿನಲ್ಲಿ ಏನಾದೀತೆಂದು ಬೆಳೆಗಾರ ಬಂಧುಗಳಿಗೆ ಹೇಳಬೇಕಾಗಿಲ್ಲ. 230 ವೋಲ್ಟಿನವೂ ದೊರೆಯುತ್ತವೆ ನಿಜ. ಆದರೆ ಅಲ್ಯೂಮಿನಿಯಂ ಸಂಪಿಗೆ ಅಯಸ್ಕಾಂತ ಹಿಡಿಯದು. ಅಲ್ಲದೆ ಹೊಳೆಬದಿಯಲ್ಲಿ ನಂಬುವಂಥ ಕರೆಂಟು ಇದ್ದಿದ್ದರೆ ನಾವು ಡೀಸೆಲ್ ಇಂಜಿನ್ನನ್ನೇಕೆ ಇಡುತ್ತಿದ್ದೆವು?

ಕೆನಡಾದಲ್ಲಿ ಮೈನಸ್ 30 ಡಿಗ್ರಿಗೆ ಆಯಿಲ್ ಬೆಲ್ಲದ ಪಾಕದಂತಾಗುತ್ತದೆ. ಲಡಾಖ್‌ನಲ್ಲಿ ಡೀಸೆಲ್ಲೇ ಹೆಪ್ಪುಗಟ್ಟುತ್ತದೆಂದು ಇಂಡಿಯನ್ ಆಯಿಲ್ 2019ರಲ್ಲಿ ಚಳಿಗಾಲದ ಬೇರೆ ಡೀಸೆಲ್ ತಂದಿತು. ಅಂಥ ಕಡೆ ಈ ಹೀಟರು ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ 1884ರ ಜನವರಿಯ 7.8 ಡಿಗ್ರಿ. ಮಲೆನಾಡಿನ ಚಳಿಯೂ ಒಳ್ಳೆಯ ಇಂಜಿನ್ನನ್ನು ನಿಲ್ಲಿಸುವಂಥದಲ್ಲ.

ಹಾಗಾದರೆ ಏಳದಿರುವುದೇಕೆ? ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಬಿಸಿಯೇ ಬೆಂಕಿ. ರಿಂಗು ಸವೆದು ಗಾಳಿ ಸೋರಿದರೆ ಆ ಬಿಸಿ ಹುಟ್ಟುವುದಿಲ್ಲ, ಹುಟ್ಟಿದ್ದನ್ನು ತಣ್ಣಗಿರುವ ಕಬ್ಬಿಣ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಹೇಗೋ ಏಳುವ ಇಂಜಿನ್ನು ಬೆಳಿಗ್ಗೆ ಮುನಿಯುವುದು ಇದರಿಂದ. ಇಂಜೆಕ್ಟರ್ ತೊಟ್ಟಿಕ್ಕುವುದು, ಡೀಸೆಲ್ ಪೈಪಿನಲ್ಲಿ ಗಾಳಿ ಸೇರುವುದು, ಇಂಜಿನ್ನಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮಂದವಾದ ಆಯಿಲ್ ಹಾಕುವುದು, ಇವೂ ಕಾರಣಗಳೇ.

ಹ್ಯಾಂಡಲ್ ಇಂಜಿನ್ನಾದರೆ ಡಿಕಂಪ್ರೆಷನ್ ಲಿವರ್ ಎತ್ತಿ ಹತ್ತಿಪ್ಪತ್ತು ಸುತ್ತು ನಿಧಾನವಾಗಿ ತಿರುಗಿಸಿ, ಆಯಿಲ್ ಓಡಾಡಿದ ಮೇಲೆ ವೇಗ ಹಿಡಿದು ಲಿವರ್ ಬಿಡಿ. ನೀರಿನಿಂದ ತಣಿಯುವ ಇಂಜಿನ್ನಿಗೆ ಉಗುರುಬೆಚ್ಚಗಿನ ನೀರು ತುಂಬಬಹುದು. ಕುದಿಯುವ ನೀರು ಬೇಡ, ಎರಕ ಸೀಳೀತು. ಸಂಪಿನಡಿ ಅಡಿಕೆ ಹಾಳೆ ಉರಿಸುವವರನ್ನೂ, ಗಾಳಿ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವವರನ್ನೂ ಕಂಡಿದ್ದೇವೆ. ಎರಡೂ ಕೂಡದು.

ರಿಪೇರಿಗೆ ಕಾಲ ಈಗಲೇ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಮೊಗ್ಗು ನೀರಿಗೆ ಕಾದಿರುವಾಗ, ಮತ್ತೆ ಹದಿನೈದಿಪ್ಪತ್ತು ದಿನಕ್ಕೆ ಬ್ಯಾಕಿಂಗ್ ಕೊಡಬೇಕಾದಾಗ, ಮೆಕ್ಯಾನಿಕ್ ಎಲ್ಲರ ತೋಟದಲ್ಲೂ ಇರುತ್ತಾನೆ, ನಮ್ಮಲ್ಲಿ ಮಾತ್ರ ಇರುವುದಿಲ್ಲ.

ಹೊರಮಾವಿನ ಹೀಟರು ಮರಳಿ ಕೆನಡಾದ ಪೆಟ್ಟಿಗೆ ಸೇರಿತು. ಸದಸ್ಯರು ಸಂಕ್ರಾಂತಿಗೆ ಮುಂಚೆಯೇ ಇಂಜಿನ್ ಬಿಚ್ಚಿಸಿ ಹೊಸ ರಿಂಗು ಹಾಕಿಸಿದರು.